ಮೀನಿನ ಬಾಲದ ಹಲಗೆ

ಸಮಸ್ತ ನಾಗರಿಕ ಬಂಧುಗಳಲ್ಲಿ ಅರಿಕೆ: ಬಂಗಾರಪೇಟೆಯ ಬಚ್ಚಪ್ಪನ ಮರಗೆಲಸದ ಶೆಡ್ಡಿನಲ್ಲಿ, ಎಂಬತ್ಮೂರನೇ ಇಸವಿಯ ಒಂದು ಭಾನುವಾರ, ಹಲಗೆಗೆ ಬಾಲ ಇರತಕ್ಕದ್ದೋ ಇರತಕ್ಕದ್ದಲ್ಲವೋ ಎಂಬ ಘನವಾದ ಪ್ರಶ್ನೆ ಇತ್ಯರ್ಥಕ್ಕೆ ಬಂದಿತ್ತು. ವಾದಿ, ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಚೆನ್ನಕೇಶವ. ಪ್ರತಿವಾದಿ, ಖುದ್ದು ಬಚ್ಚಪ್ಪ. ನ್ಯಾಯಪೀಠದಲ್ಲಿ ಅರ್ಧ ಸೇದಿದ ಬೀಡಿ.

ನೆಲದ ಮೇಲೆ ಇದ್ದಿಲಿನಲ್ಲಿ ಎರಡು ಆಕಾರ ಬರೆದಿತ್ತು. ಒಂದು ಆಳಿಗಿಂತ ಉದ್ದ, ಕಿರಿದು, ಮೂತಿ ಚೂಪು. ಇನ್ನೊಂದು ಗಿಡ್ಡ, ಅಗಲ, ಚಪ್ಪಟೆ ಹೊಟ್ಟೆ, ಹಿಂದುಗಡೆ ಮೀನಿನ ಹಾಗೆ ಎರಡಾಗಿ ಸೀಳಿದ ಬಾಲ.

"ಉದ್ದಂದೇ ಮಾಡಿಸ್ಕಳಿ ಸಾಮಿ," ಅಂದ ಬಚ್ಚಪ್ಪ. "ಅದಾದ್ರೆ ನಂಗೆ ಕೈ ಕುಂತದೆ. ಚಾಂಪಿಯನ್ ರೀಫ್ಸ್ ಚರ್ಚಿನೋರಿಗೆ ವರ್ಸಾ ವರ್ಸಾ ಮಾಡ್ಕೊಡ್ತೀನಿ. ಇದುವರ್ಗೂ ಒಳ್ಗೋದೋರು ಒಬ್ರೂ ದೂರು ಏಳಿಲ್ಲ."

"ಅದು ಹೆಣದ ಪೆಟ್ಟಿಗೆ ಮಾರಾಯ್ರೆ! ಇದು ಜೀವ ಇದ್ದವ ನಿಲ್ಲುವ ಹಲಗೆ."

"ಅವ್ರು ಮಲ್ಗಿರ್ತಾರೆ, ನೀವು ನಿಂತಿರ್ತೀರಾ. ಅಷ್ಟೇ ಅಲ್ವಾ ವೆತ್ಯಾಸ?"

ಚೆನ್ನಕೇಶವ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಬಿಡಿಸಿದ. ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರ್ ಬಿಟ್ಟುಹೋದ ಪತ್ರಿಕೆಯದು. ಅದರಲ್ಲಿ ಬರಿಮೈಯ ಹುಡುಗನೊಬ್ಬ ಇಂಥದೇ ಗಿಡ್ಡ ಹಲಗೆಯ ಮೇಲೆ ಮೊಣಕಾಲು ಮಡಿಸಿ, ಸೋಮಾರಿ ಅಲೆಯೊಂದರ ಬೆನ್ನೇರಿ ಬರುತ್ತಿದ್ದ.

"ನೋಡಿ, ದೊಡ್ಡ ಅಲೆಗೆ ಅದರದ್ದೇ ಜೋರು ಉಂಟು, ಎಂತಹ ಹಲಗೆಯನ್ನೂ ಎಳ್ಕೊಂಡು ಬರ್ತದೆ. ಸಣ್ಣ ಅಲೆಗೆ ಬಲ ಇಲ್ಲ. ಹಾಗಾಗಿ ಹಲಗೆಯೇ ಅಗಲ ಆಗಿ ನೀರಿನ ಮೇಲೆ ಹಗುರ ಕೂತು, ಸಿಕ್ಕಿದಷ್ಟು ತಳ್ಳನ್ನು ಹಿಡ್ಕೊಳ್ಬೇಕು. ಇದಕ್ಕೆ ಫಿಶ್ ಅಂತಲೇ ಹೆಸರು. ಅಡಿಯಲ್ಲಿ ಎರಡು ರೆಕ್ಕೆ."

"ನಿಮ್ ಅಲೆ ಎಷ್ಟು ಸಣ್ಣದು?"

ಚೆನ್ನಕೇಶವ ಕೈಯನ್ನು ಮೊಣಕಾಲಿನವರೆಗೆ ತಂದು, ಅದೂ ಜಾಸ್ತಿಯಾಯಿತೆಂದು ಇನ್ನಷ್ಟು ಇಳಿಸಿದ. "ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸ್ತದಲ್ಲ, ಅಷ್ಟು."

"ಯಾವ ಕೆರೆ ಸಾಮಿ?"

"ಕ್ಯಾಸಂಬಳ್ಳಿ ರಸ್ತೆಯದ್ದು. ಮುಚ್ಚಿದ ಗಣಿ ಶಾಫ್ಟ್ ಉಂಟಲ್ಲ, ಅದರ ಪಕ್ಕದ್ದು."

ಬಚ್ಚಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಆಮೇಲೆ ಅಂಗೈಯಿಂದ ಉದ್ದನೆಯ ಆಕಾರವನ್ನು ನಿಧಾನವಾಗಿ, ಒಂದು ಗೆರೆಯೂ ಉಳಿಯದ ಹಾಗೆ ಒರೆಸಿಹಾಕಿದ.

"ಮೀನೇ ಮಾಡಾನ ಬುಡಿ," ಅಂದ. "ಪೆಟ್ಟಿಗೆ ಆಕಾರದ್ದು ಅಲ್ಲಿಗೆ ತಗಂಡೋಗೋದು ಬ್ಯಾಡ."

ಹೀಗೆ ಮೀನಮೇಷ ಎಣಿಸುವ ಪ್ರಮೇಯವೇ ಬರದೆ ಮೀನು ಅವಿರೋಧವಾಗಿ ಆಯ್ಕೆಯಾಯಿತು. ಮೇಷ ನಾಮಪತ್ರವನ್ನೇ ಸಲ್ಲಿಸಿರಲಿಲ್ಲ.

ಸಮುದ್ರದ ವಾಸನೆಯೂ ಬಾರದ ಊರಿನಲ್ಲಿ ಒಬ್ಬ ಗೃಹಸ್ಥ ಅಲೆಗಾಗಿ ಅಲೆಯಲು ಕಾರಣ ಹೆಂಡತಿ. ಚೆನ್ನಕೇಶವ ಉಳ್ಳಾಲದವನು, ಅವನ ಹೆಂಡತಿ ಜಲಜಾಕ್ಷಿಯೂ ಅಲ್ಲಿಯವಳೇ. ಕ್ವಾರ್ಟರ್ಸಿಗೆ ಬಂದ ಮೊದಲ ವಾರವೇ, ಅವಳು ಕಾಫಿ ಸೋಸುತ್ತಿದ್ದಾಗ, ಶೆಲ್ಫಿನ ಲೋಟಗಳು ತಾವಾಗಿಯೇ ಒಂದೊಂದು ಹೆಜ್ಜೆ ಮುಂದೆ ಬಂದು, ಅಂಚಿನಲ್ಲಿ ನಿಂತು, ಕೆಳಗೆ ಇಣುಕಿ ಬಿದ್ದವು. ಗಣಿಯೊಳಗೆ ಬಂಡೆ ಸಿಡಿದರೆ ಹೀಗಾಗುವುದು ಊರಿಗೆ ಮಾಮೂಲು. ಪಕ್ಕದ ಮನೆಯ ವೆಂಕಟರತ್ನಮ್ಮ ಆಗಲೂ ಹೊಸಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಜಲಜಾಕ್ಷಿ ಮಾತ್ರ ಹೆರಿಗೆಗೆ ತವರಿಗೆ ಹೋದವಳು ಹಿಂದಿರುಗಲಿಲ್ಲ. ಮಗಳು ಹುಟ್ಟಿ, ಬೋರಲು ಬಿದ್ದು, ಅಂಬೆಗಾಲಿಡುವವರೆಗೆ ಬಂದಿದ್ದಳು. ಚೆನ್ನಕೇಶವನಿಗೆ ಅವಳು ಟ್ರಂಕ್ ಕಾಲಿನಲ್ಲಿ ಕೇಳುವ ಒಂದು ಗುರುಗುರು ಸದ್ದು.

"ನೆಲ ನೆಲದ ಹಾಗೆ ಸುಮ್ಮನೆ ಇರುವ ಊರಿಗೆ ವರ್ಗ ಮಾಡಿಸ್ಕೊಂಡು ಬನ್ನಿ," ಅಂದಿದ್ದಳು ಜಲಜಾಕ್ಷಿ. "ಅಲ್ಲಿವರೆಗೆ ನಾನೂ ಬರುವುದಿಲ್ಲ, ಮಗುವನ್ನೂ ಕಳಿಸುವುದಿಲ್ಲ. ಈ ಸಲ ಆಗದಿದ್ರೆ ಮತ್ತೆ ಫೋನು ಮಾಡುವುದೂ ಬೇಡ."

ಕಾರ್ಖಾನೆಯ ಮಂಗಳೂರು ಡಿಪೋದಲ್ಲಿ ಒಂದೇ ಒಂದು ಜಾಗ ಖಾಲಿ ಬಿದ್ದಿತ್ತು. ವಾರ್ಷಿಕ ಕ್ರೀಡೆಯಲ್ಲಿ ಮೊದಲ ಬಹುಮಾನ ಹೊಡೆದವರಿಗೆ ಬೇಕಾದ ಊರಿಗೆ ವರ್ಗ ಎಂಬುದು ಅಲ್ಲಿನ ಪದ್ಧತಿ. ಹಿಂದಿನ ವರ್ಷ ಒಬ್ಬ ಕೇರಂ ಆಡಿ ಮೈಸೂರಿಗೆ ಹೋಗಿದ್ದ. ಇನ್ನೊಬ್ಬ ಗೋಣಿಚೀಲದಲ್ಲಿ ಕುಪ್ಪಳಿಸುತ್ತ ಬೆಂಗಳೂರನ್ನೇ ತಲುಪಿದ್ದ. ಎಲ್ಲ ಆಟಗಳಲ್ಲೂ ಸೋಲಿನ ಆಲ್‌ರೌಂಡರ್ ಆಗಿದ್ದ ಚೆನ್ನಕೇಶವ, ಬೇರೆ ಯಾರೂ ಆಡದ ಆಟವೊಂದನ್ನು ಹುಡುಕಬೇಕಾಯಿತು. ಉಳ್ಳಾಲದಲ್ಲಿ ಮುರಿದ ದೋಣಿಯ ಹಲಗೆ ಎದೆಗವಚಿ ಅಲೆಯ ಮೇಲೆ ಜಾರಿದ್ದು ನೆನಪಾಯಿತು. ಅದೊಂದೇ ವಿದ್ಯೆ ಅವನಲ್ಲಿ ಮುಳುಗದೆ ಉಳಿದಿತ್ತು.

ಕ್ರೀಡಾ ಸಮಿತಿಯ ಕಾರ್ಯದರ್ಶಿ ಮುನಿಸ್ವಾಮಪ್ಪ ಅರ್ಜಿಯನ್ನು ಎರಡು ಸಲ ಓದಿದರು. ನಿಯಮಾವಳಿಯನ್ನು ಜೇಬಿನಲ್ಲೂ ನಾಲಿಗೆಯಲ್ಲೂ ಇಟ್ಟುಕೊಂಡು ಓಡಾಡುವ ಮನುಷ್ಯ.

"ಎದುರಾಳಿ ಯಾರ್ರೀ ಚೆನ್ನಕೇಶವ್ರೇ?"

"ಯಾರೂ ಇಲ್ಲ ಸಾರ್."

"ಅಂಗಾದ್ರೆ ವಾಕ್ ಓವರ್. ನೀರ್ ಮ್ಯಾಲೆ ವಾಕ್ ಓವರ್ ಕೊಟ್ಟಿದ್ದು ನಮ್ ಕಮಿಟಿನೇ ಮೊದ್ಲು." ಅವರು ತಮ್ಮ ಜೋಕಿಗೆ ತಾವೇ ನಕ್ಕು, ಕೂಡಲೇ ಗಂಭೀರವಾದರು. "ಆದ್ರೆ ಬರೇ ನೀರಿಗಿಳಿದ್ರೆ ಆಗಲ್ಲ. ಕೆರೆ ನಡುವಿಂದ ಮೆಟ್ಲವರ್ಗೂ ನಿಂತ್ಕಂಡೇ ಬರ್ಬೇಕು. ಸಿಂಗಲ್ಸ್ ಅಂತ ಬರ್ಕಳ್ಳಾ?"

"ಬರ್ಕೊಳ್ಳಿ ಸಾರ್. ನಾನೊಬ್ಬನೇ."

ಕೆರೆ ದೊಡ್ಡದೇನಲ್ಲ. ಒಂದು ಕಡೆ ಏರಿ, ಕಲ್ಲಿನ ಮೆಟ್ಟಿಲು. ಇನ್ನೊಂದು ಕಡೆ ಜಾಲಿ ಬೆಳೆದ ದಿಬ್ಬ, ಅದರ ಮೇಲೆ ಕಾಂಕ್ರೀಟಿನ ಬಿರಡೆ ಜಡಿದ ಹಳೆಯ ಶಾಫ್ಟ್. ದಿನವೆಲ್ಲ ನೀರು ತಟ್ಟೆಯಲ್ಲಿಟ್ಟ ಹಾಗೆ ಇರುತ್ತಿತ್ತು. ಸಂಜೆ, ದೂರದ ಮೈಸೂರು ಮೈನ್ಸ್ ಎಂಬ ಗಣಿಯ ಕಡೆಯಿಂದ ಸೈರನ್ ಕೇಳಿದ ಮೇಲೆ, ಮೊದಲು ಕಪ್ಪೆಗಳು ಸುಮ್ಮನಾಗುತ್ತಿದ್ದವು. ಒದ್ದೆ ಕಲ್ಲಿನ, ಗಣಿಯೊಳಗೆ ಹಚ್ಚುವ ಕಾರ್ಬೈಡ್ ದೀಪದ ವಾಸನೆ ಏಳುತ್ತಿತ್ತು. ಆಮೇಲೆ, ಗಾಳಿಯ ಸುಳಿವೇ ಇಲ್ಲದೆ, ದಿಬ್ಬದ ಬುಡದಿಂದ ನೀರು ಮೆಲ್ಲಗೆ ಉಬ್ಬಿ, ಸಾಲಾಗಿ, ಒಂದರ ಹಿಂದೆ ಒಂದು, ಮೆಟ್ಟಿಲಿನ ಕಡೆಗೆ ನಡೆದು ಬರುತ್ತಿತ್ತು. ಅವು ದಡಕ್ಕೆ ಬಡಿಯುತ್ತಿರಲಿಲ್ಲ. ಮೆಟ್ಟಿಲು ಮುಟ್ಟಿದ ಮೇಲೆ ಎಲ್ಲಿ ಹೋಗುತ್ತಿದ್ದವೋ ತಿಳಿಯುತ್ತಿರಲಿಲ್ಲ.

ಚೆನ್ನಕೇಶವ ಇದಕ್ಕೆಲ್ಲ ವಿವರಣೆ ಇಟ್ಟುಕೊಂಡಿದ್ದ. ಕೆಳಗೆ ಖಾಲಿ ಸುರಂಗಗಳಿವೆ, ಎಲ್ಲೋ ಸಿಡಿದದ್ದು ಇಲ್ಲಿ ನೂಕುತ್ತದೆ. ನಕ್ಷೆಯಲ್ಲಿ ಬರೆದು ತೋರಿಸಬಲ್ಲ. ಬೂರುಗದ ಮರವನ್ನು ಕೆತ್ತಿ, ರಾಳ ಬಳಿದು, ಹೊಳೆಯುವ ಮೀನನ್ನು ತಲೆಯ ಮೇಲೆ ಹೊತ್ತು ತಂದ ಬಚ್ಚಪ್ಪನಿಗೂ ಅದನ್ನೇ ಹೇಳಿದ.

"ನಕ್ಸೆ ಸರೀನೇ ಸಾಮಿ," ಅಂದ ಬಚ್ಚಪ್ಪ, ಮೆಟ್ಟಿಲಿಗಿಂತ ಈಚೆಗೇ ನಿಂತು. "ನಾನೂ ಆ ಶಾಫ್ಟೊಳ್ಗೆ ಬಂಡೆಗೆ ಮರ ಕೊಟ್ಟು ನಿಲ್ಸೋ ಕೆಲ್ಸ ಮಾಡಿದ್ದೋನೇ. ಒಂದಿನ ಬಂಡೆ ಕುಂತ್ಬುಡ್ತು. ಬಂದೋರು ಬಂದ್ವಿ. ಮಿಕ್ಕೋರನ್ನ ತೆಗ್ಯಾಕಾಗ್ದೆ ಮ್ಯಾಲೆ ಕಾಂಕ್ರೀಟ್ ಉಯ್ದ್ಬುಟ್ರು."

"ಪಾಪ. ಆದ್ರೆ ಅಲೆಗೂ ಅದಕ್ಕೂ ಎಂತ ಸಂಬಂಧ?"

"ಏನೂ ಇಲ್ಲ." ಬಚ್ಚಪ್ಪ ಕೆರೆಯ ಕಡೆ ನೋಡಲಿಲ್ಲ. "ಸೈರನ್ ಊದಿದ್ಮ್ಯಾಲೆ ಬತ್ತದೆ ಅಂದ್ರಲ್ಲಾ, ಅದುಕ್ಕೆ ಏಳ್ದೆ. ಅದು ಶಿಫ್ಟ್ ಬುಡೋ ಒತ್ತು."

ಅಭ್ಯಾಸದ ವಾರಗಳಲ್ಲಿ ಚೆನ್ನಕೇಶವ ಕೆರೆಯ ನೀರನ್ನು ಸಾಕಷ್ಟು ಕುಡಿದು ನೀರಾವರಿಗೆ ತನ್ನ ಕಾಣಿಕೆ ಸಲ್ಲಿಸಿದ. ಮೀನು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಎದೆ ಊರಿ ಮಲಗಿದರೆ ಅಷ್ಟು ಸೊಪ್ಪಗಿನ ಅಲೆಯನ್ನೂ ಹಿಡಿದು ಜಾರುತ್ತಿತ್ತು. ನಿಲ್ಲಲು ಹೋದಾಗಲೇ ತಕರಾರು: ಮೂತಿ ನೀರಿಗೆ ಚುಚ್ಚಿ, ಅಲೆ ಅಡಿಯಿಂದ ನುಸುಳಿ ಮುಂದೆ ಹೋಗಿಬಿಡುತ್ತಿತ್ತು. ಕೊನೆಕೊನೆಗೆ ಅರ್ಧ ದೂರ ನಿಂತು ಬರುವುದು ಸಾಧ್ಯವಾಯಿತು. ಜಲಜಾಕ್ಷಿಗೆ ಫೋನು ಮಾಡಿ, ಮಗುವಿನ ತೊಟ್ಟಿಲನ್ನು ಗಾಳಿ ಬರುವ ಕಡೆ ಕಟ್ಟು, ನಾನು ಬಂದೇ ಬಿಟ್ಟೆ ಎಂದ. ಆ ಕಡೆ ಅವಳು ಅತ್ತಳೋ ನಕ್ಕಳೋ; ಟ್ರಂಕ್ ಕಾಲಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

ಸ್ಪರ್ಧೆಯ ದಿನ ಮುನಿಸ್ವಾಮಪ್ಪ ಸ್ಕೂಟರಿನಲ್ಲಿ ಬಂದರು. ಕೊರಳಲ್ಲಿ ಸೀಟಿ, ತಲೆಗೆ ಬಿಳಿ ಟೋಪಿ. ಕಾರ್ಖಾನೆಯ ಏಳೆಂಟು ಮಂದಿ, ಕಡಲೆಕಾಯಿ ಬುಟ್ಟಿಯ ಗಂಗರತ್ನಮ್ಮ, ಬಚ್ಚಪ್ಪ. ಸೈರನ್ ಆಯಿತು. ಗಂಗರತ್ನಮ್ಮ ಯಾರಿಗೋ ಬೈಯುತ್ತಿದ್ದವಳು ಕಪ್ಪೆಗಳ ಜೊತೆಗೇ ಬಾಯಿ ಮುಚ್ಚಿದಳು.

ಕೆರೆಯ ನಡುವೆ ಹಲಗೆಯ ಮೇಲೆ ಬೋರಲು ಮಲಗಿದ್ದ ಚೆನ್ನಕೇಶವ ಮೊದಲ ಅಲೆಯನ್ನು ಬಿಟ್ಟ, ಎರಡನೆಯದನ್ನೂ ಬಿಟ್ಟ. ಮೂರನೆಯದು ಹೊಟ್ಟೆಯ ಅಡಿಗೆ ಬಂದಾಗ ಕೈ ಬೀಸಿ, ಎದ್ದು ನಿಂತ. ಮೂತಿ ಎಂದಿನಂತೆ ಕೆಳಗೆ ಬಾಗಿತು. ಹೋಯಿತು, ಮಂಗಳೂರು ಹೋಯಿತು ಅಂದುಕೊಂಡ. ಆಗ ಹಿಂದುಗಡೆ ಹಲಗೆ ತುಸು ತಗ್ಗಿತು, ನಿಂತ ಬಸ್ಸಿಗೆ ಯಾರೋ ಕಾಲಿಟ್ಟಾಗ ತಗ್ಗುವಷ್ಟೇ. ಮೂತಿ ಮೇಲೆದ್ದಿತು. ಹಲಗೆ ಅಲೆಯ ಮೇಲೆ ನೆಟ್ಟಗೆ ಕೂತು, ಅವನು ಉಳ್ಳಾಲದಲ್ಲೂ ಕಂಡಿರದ ಹಗುರದಲ್ಲಿ ಓಡತೊಡಗಿತು. ಕತ್ತಿನ ಹಿಂದೆ ಬೆಚ್ಚಗೆ ಏನೋ ತಾಗಿ ತಾಗಿ ಹೋಗುತ್ತಿತ್ತು. ಗಾಳಿ ಇರಬೇಕು ಅಂದುಕೊಂಡ. ಗಾಳಿ ಇರಲಿಲ್ಲ. ತಿರುಗಿ ನೋಡಲಿಲ್ಲ, ತಿರುಗಿದರೆ ಬೀಳುತ್ತಿದ್ದ.

ಮೆಟ್ಟಿಲಿಗೆ ಬಂದು ತಾಗಿದಾಗ ಎರಡೂ ಕೈ ಮೇಲೆತ್ತಿ ಕೂಗಿದ. "ಆಯ್ತು ಸಾರ್! ನಿಂತ್ಕೊಂಡೇ ಬಂದೆ, ಆಯ್ತಲ್ಲ?" ಮೆಟ್ಟಿಲಿಗೆ ಹಾರಿದವನೇ ಮುನಿಸ್ವಾಮಪ್ಪನವರ ಕೈ ಹಿಡಿದು ಕುಲುಕಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಗರತ್ನಮ್ಮ ಸೆರಗಿನಿಂದ ಬುಟ್ಟಿ ಮುಚ್ಚಿಕೊಂಡು ಏರಿಯ ಮೇಲೆ ಬಿರಬಿರನೆ ಹೋಗುತ್ತಿದ್ದಳು.

"ಸೀಟಿ ಊದ್ದೆ, ನೀವು ಕೇಳಿಸ್ಕಳ್ನಿಲ್ಲ," ಅಂದರು ಮುನಿಸ್ವಾಮಪ್ಪ. ಅವರ ದನಿ ಕಚೇರಿಯಲ್ಲಿ ಇರುವಷ್ಟೇ ಸಮನಾಗಿತ್ತು. ಪೆನ್ನಿನ ಮುಚ್ಚಳ ಮಾತ್ರ ಪೆನ್ನಿಗೆ ಸಿಗುತ್ತಿರಲಿಲ್ಲ. "ಸಿಂಗಲ್ಸ್ ಅಂತ ಅರ್ಜಿ ಕೊಟ್ಟಿದ್ದೀರಾ. ಇಬ್ರು ನಿಂತ್ಕಂಡು ಬಂದ್ರೆ ಎಂಗೆ ಕೊಡ್ಲಿ?"

ಚೆನ್ನಕೇಶವ ನಕ್ಕ. ಸುತ್ತ ಮುಖಗಳನ್ನು ನೋಡಿ ನಿಲ್ಲಿಸಿದ. "ಇಬ್ಬರಾ? ಯಾರು ಸಾರ್ ಇನ್ನೊಬ್ಬ?"

"ನಿಮ್ ಇಂದ್ಗಡೆ ಇದ್ರಲ್ಲಾ, ನಿಮ್ ಎಗಲ್ ಮ್ಯಾಲೆ ಕೈ ಇಟ್ಕಂಡು."

ಚೆನ್ನಕೇಶವನ ಕೈ ತಾನಾಗಿಯೇ ಹೆಗಲಿಗೆ ಹೋಯಿತು.

"ನಿಮ್ ಕಷ್ಟ ನಂಗೆ ಗೊತ್ತಿಲ್ವಾ? ಡಬಲ್ಸ್‌ಗೆ ಬದ್ಲಾಯ್ಸಿ ಕೊಟ್ಬುಡಾನ ಅಂತ ನೋಡ್ದೆ. ನೀವು ಕೈ ಎತ್ಕಂಡು ಕೂಗ್ತಿದ್ರಲ್ಲಾ, ಆವಾಗ ಅವ್ರ ಹಾಜ್ರಿ ಟೋಕನ್ ನಂಬರ್ ಕೇಳ್ದೆ. ಏಳಿದ್ರು."

"ಹೇಳಿದ್ರಾ?"

"ಏಳಿದ್ರು. ಆದ್ರೆ ಅದು ಗಣಿ ಟೋಕನ್ನು. ನಮ್ಮ ಫ್ಯಾಕ್ಟ್ರೀದಲ್ಲ." ಮುನಿಸ್ವಾಮಪ್ಪ ನೀರಿನ ಕಡೆ ನೋಡದೆ ಬೆನ್ನು ತಿರುಗಿಸಿದರು. "ಒರ್ಗಿನೋರನ್ನ ಸೇರಿಸ್ಕಂಡು ಆಡಂಗಿಲ್ಲ. ರೂಲು."

"ಸಾರ್, ಇನ್ನೊಂದು ಅಲೆ ಬರ್ತದೆ. ಒಬ್ಬನೇ ಬರ್ತೇನೆ. ನನ್ನ ಮಗು ಸಾರ್..."

"ಒಂದಾಟಕ್ಕೆ ಒಂದೇ ಸಲ. ಮುಂದಿನ್ ವರ್ಸ ನೋಡಾನ."

ಸ್ಕೂಟರ್ ಮೂರು ಒದೆತಕ್ಕೆ ಎದ್ದು, ಏರಿಯ ಮೇಲೆ ಹೋಗಿ ಸಣ್ಣದಾಯಿತು. ಅದರ ಹಿಂದೆ ಕಾರ್ಖಾನೆಯವರು ಒತ್ತೊತ್ತಾಗಿ ನಡೆದರು. ಮಂಗಳೂರಿನ ಜಾಗಕ್ಕೆ ಉದ್ದ ಜಿಗಿತದವನೋ ನಿಂಬೆಹಣ್ಣು ಚಮಚದವನೋ ಹೋಗುವವನಿದ್ದ.

"ಬಚ್ಚಪ್ಪ," ಅಂದ ಚೆನ್ನಕೇಶವ. "ಹಲಗೆ ಎತ್ತಲಿಕ್ಕೆ ಒಂದು ಕೈ ಕೊಡಿ ಮಾರಾಯ್ರೆ."

"ನೀವೇ ತಗಳಿ ಸಾಮಿ," ಅಂದ ಬಚ್ಚಪ್ಪ ಮೇಲಿನಿಂದಲೇ. ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದ.

ಅಲೆಗಳು ನಿಂತಿದ್ದವು. ಕಪ್ಪೆಗಳು ಇನ್ನೂ ಶುರುಮಾಡಿರಲಿಲ್ಲ. ಮೀನು ಮೆಟ್ಟಿಲ ಪಕ್ಕದಲ್ಲಿ ಬಾಲದ ಕಡೆ ಅರ್ಧ ಮುಳುಗಿ, ಮೂತಿ ಮೇಲೆತ್ತಿಕೊಂಡು, ಅಲ್ಲಾಡದೆ ಇತ್ತು. ಚೆನ್ನಕೇಶವ ಬಾಗಿ ಮೂತಿ ಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆಯಲು ಹೋದವನು, ಏನನ್ನಿಸಿತೋ, ಕೈ ಬಿಟ್ಟು ನೆಟ್ಟಗಾದ. ಸಂಜೆಯ ಬಸ್ಸಿನ ಬಾಗಿಲಲ್ಲಿ ಇಳಿಯುವವರಿಗೆ ದಾರಿ ಮಾಡಿಕೊಡುವ ಹಾಗೆ ಮೆಟ್ಟಿಲಿನ ಒಂದು ಬದಿಗೆ ಸರಿದು, ತಲೆ ತಗ್ಗಿಸಿ ನಿಂತ.

ಸ್ವಲ್ಪ ಹೊತ್ತಿಗೆ ಬಾಲ ಮೆಲ್ಲಗೆ ಮೇಲೆ ಬಂತು. ಹಲಗೆ ನೀರಿನ ಮೇಲೆ ಸಮವಾಗಿ, ಹಗುರವಾಗಿ ತೇಲಿತು.