ಓಕ್ ಮರದ ಬುಡದ ಡಬ್ಬಿ

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಡೆಟ್‌ಮೋಲ್ಡ್ ಊರಿನ ಕೂಲ್‌ಮನ್ ಸಂಸಾರ, ಯಾರೋ ಬಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹುಡುಕಲು ಮನೆ ಬಿಟ್ಟಿತು.

ಫೋಲ್ಕ್‌ಮಾರ್, ಹೆಂಡತಿ ಗೆಜಿನೆ, ಹದಿಮೂರರ ಮಗಳು ವೀಬ್ಕೆ. ಫೋಲ್ಕ್‌ಮಾರ್‌ನಿಗೆ ಹೊಸ ಹವ್ಯಾಸವೆಂದರೆ ಮೊದಲು ಅಂಗಡಿ, ಆಮೇಲೆ ಹವ್ಯಾಸ. ಮೂವರಿಗೂ ಒಂದೇ ಬಣ್ಣದ ಜಾಕೆಟ್, ಹಣೆಗೆ ಕಟ್ಟುವ ದೀಪ, ಮಡಚುವ ಗುದ್ದಲಿ, ಪೊಟರೆಯೊಳಗೆ ಇಣುಕಲು ಹಿಡಿಕೆಯಿರುವ ಕನ್ನಡಿ. ಹೊರಟದ್ದು ಊರ ಮಗ್ಗುಲಿನ ಕಾಡಿಗೆ. ಸಿದ್ಧತೆ ನೋಡಿದರೆ ಧ್ರುವಯಾತ್ರೆ.

ಜಿಯೋಕ್ಯಾಶಿಂಗ್ ಎಂಬ ಈ ಆಟದ ನಿಯಮ ಸರಳ. ಡಬ್ಬಿ ಅಡಗಿರುವ ಜಾಗವನ್ನು ಮೊಬೈಲ್ ತೋರಿಸುತ್ತದೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಹಿಂದಿನ ಎರಡು ಭಾನುವಾರ ಕೂಲ್‌ಮನ್‌ರಿಗೆ ಸಿಕ್ಕಿದ್ದು ನೆಗಡಿ ಮಾತ್ರ.

"ನೋಡು, ಇವತ್ತೂ ಸಿಗ್ಲಿಲ್ಲ ಅಂದ್ರೆ ನನ್ನ ಭಾನುವಾರ ನನಗೆ ವಾಪಸ್," ಎಂದಳು ಗೆಜಿನೆ ಕಾರಿನಲ್ಲಿ. "ಹಾಸಿಗೆ, ಕಾಫಿ, ಪೇಪರ್. ಒಪ್ಪಿದ್ಯಾ?"

"ಒಪ್ದೆ. ಮಾತಂದ್ರೆ ಮಾತು."

"ನನ್ನ ಭಾನುವಾರಾನೂ ಸೇರಿಸ್ಕೊಳಮ್ಮಾ," ಎಂದಳು ವೀಬ್ಕೆ.

ಕಾಡಿನಲ್ಲಿ ಫೋಲ್ಕ್‌ಮಾರ್ ಮೊಬೈಲ್ ಹಿಡಿದು ಗಾಣದೆತ್ತಿನಂತೆ ಸುತ್ತತೊಡಗಿದ. ಡಬ್ಬಿ ಒಮ್ಮೆ ನಾಲ್ಕು ಮೀಟರ್ ದೂರದಲ್ಲಿತ್ತು, ಒಂದು ಹೆಜ್ಜೆ ಇಟ್ಟರೆ ಹನ್ನೊಂದು. ಗೆಜಿನೆ ಎಂದಿನಂತೆ ಜೇಬಿನಿಂದ ಚೀಲ ತೆಗೆದು, ಜನ ಬಿಸಾಡಿದ ಕಸ ಹೆಕ್ಕುತ್ತ ನಡೆದಳು. ಬಾಟಲಿ, ಬಿಯರ್ ಡಬ್ಬ, ಚಾಕೊಲೇಟ್ ಕಾಗದ. ಓಕ್ ಮರವೊಂದರ ಬುಡದಲ್ಲಿ ಎಲೆಗಳಡಿ ಕೆಸರು ಮೆತ್ತಿದ ತಿಂಡಿ ಡಬ್ಬಿ. "ಕಾಡಿಗೆ ಬಂದು ತಿಂದು ಇಲ್ಲೇ ಎಸೀತಾರಲ್ಲ, ನಾಚಿಕೆಗೆಟ್ಟವರು!" ಎಂದು ಅದನ್ನೂ ಚೀಲಕ್ಕೆ ಹಾಕಿದಳು.

ಗಂಟೆ ಕಳೆದ ಮೇಲೆ ಫೋಲ್ಕ್‌ಮಾರ್ ಸೋತು, ಹೇಡಿಗಳು ಮಾತ್ರ ಓದುವ ಸುಳಿವನ್ನು ಮೊಬೈಲಿನಲ್ಲಿ ತೆರೆದು ಓದಿದ. "ಓಕ್ ಮರದ ಬುಡ. ಹಸಿರು ಮುಚ್ಚಳ."

ಗೆಜಿನೆ ಚೀಲದೊಳಗೆ ನೋಡಿದಳು. ಕೆಸರಿನ ನಡುವೆ ಹಸಿರು ಇಣುಕುತ್ತಿತ್ತು. ಅವಳು ಚೀಲದ ಬಾಯಿ ಬಿಗಿಯಾಗಿ ಹಿಡಿದು, ಆಕಾಶದಲ್ಲಿ ಮೋಡ ಎಷ್ಟಿದೆಯೆಂದು ನೋಡತೊಡಗಿದಳು.

ಫೋಲ್ಕ್‌ಮಾರ್ ಕನ್ನಡಿ ಹಿಡಿದು ಮರದ ಬುಡದಲ್ಲಿ ಮಂಡಿಯೂರಿದ.

"ಅಪ್ಪಾ, ಅದ್ರಲ್ಲಿ ನಿನ್ ಮುಖ ನೋಡ್ಕೊ. ಅದಾದ್ರೂ ಸಿಗುತ್ತೆ."

ಕೊನೆಗೆ ಅವನು ಎದ್ದ. ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಕಸದ ತೊಟ್ಟಿಯಿತ್ತು. ಗೆಜಿನೆ ಮುಚ್ಚಳ ಎತ್ತಿದಳು. ಚೀಲ ಒಳಗೆ ಬಿದ್ದರೆ ಭಾನುವಾರಗಳೆಲ್ಲ ಅವಳವು. ಆದರೆ ಚೀಲದಲ್ಲಿ ಗಾಜು, ತಗಡು, ಕಾಗದ, ಪ್ಲಾಸ್ಟಿಕ್ ಎಲ್ಲ ಕಲಬೆರಕೆಯಾಗಿದ್ದವು. ಬೇರ್ಪಡಿಸದ ಕಸವನ್ನು ಅವಳು ಜನ್ಮದಲ್ಲಿ ಎಸೆದವಳಲ್ಲ. ಗಂಡನಿಗೆ ಮೋಸ ಮಾಡಲು ಒಪ್ಪಿದ ಕೈ, ಮನೆಯಲ್ಲಿ ಪ್ಲಾಸ್ಟಿಕ್ ಕಸಕ್ಕೆಂದೇ ಇಟ್ಟ ಹಳದಿ ಚೀಲಕ್ಕೆ ಮೋಸ ಮಾಡಲು ಒಪ್ಪಲಿಲ್ಲ. ಮುಚ್ಚಳ ಇಳಿಸಿ, ಚೀಲವನ್ನು ಕಾರಿಗೆ ಹಾಕಿದಳು.

ಮನೆಯಲ್ಲಿ ಅವಳು ಬೂಟು ಬಿಚ್ಚುವಷ್ಟರಲ್ಲಿ ಫೋಲ್ಕ್‌ಮಾರ್ ಚೀಲವನ್ನು ಗ್ಯಾರೇಜಿನಲ್ಲಿ ಸುರಿದುಬಿಟ್ಟಿದ್ದ.

"ಬಿಡು, ನಾನೇ ಮಾಡ್ತೀನಿ," ಎಂದು ಓಡಿಬಂದಳು.

"ನೀನು ಮುಚ್ಚಳ ತೆಗೀದೇ ಹಾಕ್ತೀಯ. ಒಳಗೆ ಕಾಗದ ಇದ್ರೆ ಅದು ನೀಲಿ ತೊಟ್ಟಿಗೆ ಹೋಗ್ಬೇಕು," ಎನ್ನುತ್ತ ಅವನು ಡಬ್ಬಿ ತೆರೆದ. ಒಳಗೆ ಪೆನ್ಸಿಲ್, ಸುರುಳಿ ಸುತ್ತಿದ ಚೀಟಿ, ಅದರ ತುಂಬ ಹೆಸರುಗಳು.

"ಸಿಕ್ತು! ವೀಬ್ಕೆ, ಬಾರೇ! ನಿಮ್ಮಮ್ಮಂದು ಹದ್ದಿನ ಕಣ್ಣು ಕಣೇ, ನಮಗಿಂತ ಮೊದಲೇ ಹುಡುಕಿದ್ದಾಳೆ!"

ವೀಬ್ಕೆ ತಾಯಿಯ ಮುಖ ನೋಡಿದಳು. "ನಿಂಗೆ ಗೊತ್ತಿತ್ತಾ?"

"ಬೂಟ್ ಒರೆಸ್ಕೊಂಡು ಒಳಗ್ ನಡಿ."

ಫೋಲ್ಕ್‌ಮಾರ್ ಮೂವರ ಹೆಸರನ್ನೂ ಬರೆದ. ಗೆಜಿನೆಯದು ಎಲ್ಲಕ್ಕಿಂತ ಮೇಲೆ.

ಡಬ್ಬಿಯನ್ನು ಆ ಸಂಜೆಯೇ ಇದ್ದಲ್ಲಿಟ್ಟು ಬಂದರು. ಮುಂದಿನ ಭಾನುವಾರ ಏಳೂಮುಕ್ಕಾಲಿಗೆ ಮೂವರೂ ಮತ್ತೆ ಹೊರಟರು. ಈ ಸಲ ಕನ್ನಡಿ ಗೆಜಿನೆಯ ಕೈಯಲ್ಲಿತ್ತು.