ಮೂರು ಸಲ ಕೇಳದೆ ಹರಾಜು ಮುಗಿಸಬೇಡಿ

"ಅತ್ತೆ, ಹೋಯ್ತು! ಮಷೀನು ಹೋಯ್ತು!"

ಸೊಸೆ ಹೀಗೆ ಕೂಗಿಕೊಂಡಾಗ ದೊಡ್ಡಮ್ಮ ಮಷೀನು ಇಡುವುದಕ್ಕೆಂದು ಮೂಲೆ ಗುಡಿಸುತ್ತಿದ್ದಳು. ಪೊರಕೆ ಹಿಡಿದುಕೊಂಡೇ ಓಡಿ ಬಂದಳು.

"ಹೋಯ್ತು ಅಂದ್ರೇನೇ? ಈಗ ತಾನೇ ನಮ್ಮದೇ ಮುಂದೆ ಅಂದೆಯಲ್ಲ!"

"ಹನ್ನೊಂದಕ್ಕೆ ಮುಗಿಯೋದಿತ್ತು. ಇನ್ನು ಎರಡು ಸೆಕೆಂಡ್ ಇದೆ ಅನ್ನುವಾಗ ಯಾರೋ ಐನೂರು ಜಾಸ್ತಿ ಒತ್ತಿದ್ರು. ನಾನು ಬೆರಳು ಎತ್ತೋ ಅಷ್ಟರಲ್ಲಿ ಹರಾಜು ಮುಗಿದಿದೆ ಅಂತ ಬಂತು."

ಊರಿನ ದೊಡ್ಡಾಸ್ಪತ್ರೆಯವರು ಹಳೆಯ ಬಟ್ಟೆ ಒಗೆಯುವ ಮಷೀನುಗಳನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದರು. ಇದ್ದದ್ದು ಎರಡು, ಹರಾಜು ಒಂದೊಂದಾಗಿ. ಒಂದು ಸಲಕ್ಕೆ ಐವತ್ತು ಹಾಸಿಗೆ ಬಟ್ಟೆ ಒಗೆಯುವಂಥವು. ದೊಡ್ಡಮ್ಮನ ಲಾಂಡ್ರಿಯಲ್ಲಿ ಮೂರೇ ಜನ: ಅವಳು, ಸೊಸೆ, ಇಸ್ತ್ರಿ ಅಕ್ಕ. ಲಾಡ್ಜುಗಳ ಬೆಡ್‌ಶೀಟನ್ನೆಲ್ಲ ತೊಟ್ಟಿಯಲ್ಲಿ ನೆನೆಸಿ, ಕೈಯಲ್ಲೇ ಒಗೆದು, ಕೈಯಲ್ಲೇ ಹಿಂಡಬೇಕು. ಸೋಡಾ ನೀರಿಗೆ ಸೊಸೆಯ ಅಂಗೈ ಬಿರಿದು ರಕ್ತ ಬರುತ್ತಿತ್ತು. "ಈ ಕೈಯನ್ನ ನೀರಿಂದ ಹೊರಗೆ ತೆಗೀರಿ. ಹೀಗೇ ಬಿಟ್ರೆ ನಾಳೆ ಬೆರಳು ಮಡಿಸೋಕೂ ಆಗಲ್ಲ" ಅಂತ ಡಾಕ್ಟರು ಗದರಿದ್ದರು. ಅವತ್ತೇ ದೊಡ್ಡಮ್ಮ ಪಟ್ಟು ಹಿಡಿದಿದ್ದಳು. ಆರು ವರ್ಷ ಕೂಡಿಟ್ಟ ಹಣ ಡಬ್ಬಿಯಿಂದ ಹೊರಗೆ ಬಂದಿತ್ತು.

ಮಷೀನು ಯಾರ ಪಾಲಾಯಿತು ಅನ್ನೋದು ಸಂಜೆಗೆ ಗೊತ್ತಾಯಿತು. ಗುಜರಿ ಸಾಹುಕಾರ. ಒಡೆದು ಬಿಡಿಭಾಗ ಮಾರುತ್ತಾನಂತೆ.

"ಸುಡುಗಾಡು ಆನ್‌ಲೈನು!" ದೊಡ್ಡಮ್ಮ ಮೂಲೆಯಲ್ಲಿದ್ದ ಪೊರಕೆ ಎತ್ತಿ ಬಿಸಾಡಿದಳು. "ಮೋಸ, ಬರೀ ಮೋಸ. ಇನ್ನೊಂದು ಮಷೀನಿನ ಸುದ್ದಿ ಎತ್ತಿದ್ರೆ ನೋಡಿ!"

ಅಷ್ಟರಲ್ಲಿ ಸೀರೆ ಇಸ್ತ್ರಿಗೆ ಕೊಡಲು ಲೈಬ್ರರಿ ಮೇಡಂ ಬಂದರು. ಲೈಬ್ರರಿಯ ಕಂಪ್ಯೂಟರಿನಲ್ಲಿ ಹತ್ತಾರು ಜನರಿಗೆ ಅರ್ಜಿ ತುಂಬಿಕೊಡುವ ಹೆಂಗಸು. ಕಥೆಯೆಲ್ಲ ಕೇಳಿ, "ನೀವು ಹೇಗೆ ಕೂಗಿದ್ರಿ ದೊಡ್ಡಮ್ಮ?" ಅಂದರು.

"ಹೇಗೆ ಅಂದ್ರೆ? ಸಂತೆಯಲ್ಲಿ ಕೂಗೋ ಹಾಗೆ. ಅವನು ಒಂದು ಮೆಟ್ಟಿಲು ಹತ್ತಿದ್ರೆ ನಾನೊಂದು. ಕೈಯಲ್ಲಿ ಎಷ್ಟಿದೆ ಅಂತ ಯಾರಾದ್ರೂ ತೋರಿಸ್ತಾರಾ? ನಾನೇನು ಪೆದ್ದಿಯಾ?"

"ಅಲ್ಲೇ ಎಡವಿದ್ದು. ಕೊನೇ ಕ್ಷಣದಲ್ಲಿ ಒತ್ತೋರು ಕಾಯೋದೇ ನಿಮ್ಮಂಥೋರಿಗೆ. ನೀವು ಕಮ್ಮಿ ಹೇಳಿ ಕೂತಿರ್ತೀರಿ, ಅವರು ನಿಮಗೆ ಉತ್ತರ ಕೊಡೋಕೆ ಪುರುಸೊತ್ತೇ ಕೊಡಲ್ಲ. ಈ ಹರಾಜಲ್ಲಿ ಗರಿಷ್ಠ ಬೆಲೆ ಅಂತ ಒಂದು ಜಾಗ ಇದೆ. ಎಷ್ಟರವರೆಗೆ ಹೋಗ್ತೀರೋ ಅಷ್ಟನ್ನ ಮೊದಲೇ ಅಲ್ಲಿ ಬರೆದುಬಿಡಿ."

"ಆಹಾ! ಬರೆದ್ರೆ ಅಷ್ಟನ್ನೂ ನುಂಗಿ ನೀರು ಕುಡಿಯುತ್ತೆ."

"ನುಂಗುತ್ತಾ ನೋಡೇ ಬಿಡೋಣ." ಮೇಡಂ ಒಂದು ಸೋಪು ಎತ್ತಿ ಮೇಜಿನ ಮೇಲಿಟ್ಟರು. ಬಟ್ಟೆ ಕ್ಲಿಪ್ಪುಗಳನ್ನು ಎಲ್ಲರಿಗೂ ಇಪ್ಪತ್ತಿಪ್ಪತ್ತು ಹಂಚಿದರು. "ಇದೇ ಹಣ. ನಾನೇ ಹರಾಜಿನ ಕಂಪ್ಯೂಟರು. ದೊಡ್ಡಮ್ಮ, ಈ ಸೋಪಿಗೆ ನಿಮ್ಮ ಕೊನೆ ಬೆಲೆ ನನ್ನ ಕಿವೀಲಿ ಹೇಳಿ."

ದೊಡ್ಡಮ್ಮ ಅನುಮಾನದಿಂದಲೇ ಕಿವಿಯಲ್ಲಿ ಹದಿನೈದು ಅಂದಳು.

"ಆರು!" ಸೊಸೆ ಕೂಗಿದಳು.

"ದೊಡ್ಡಮ್ಮ ಏಳು" ಅಂದರು ಮೇಡಂ.

"ಒಂಬತ್ತು!"

"ದೊಡ್ಡಮ್ಮ ಹತ್ತು. ಮುಗಿಯೋಕೆ ಮೂರು ಸೆಕೆಂಡ್, ಎರಡು..."

"ಹನ್ನೆರಡು!" ಇಸ್ತ್ರಿ ಅಕ್ಕ ಪೆಟ್ಟಿಗೆ ಕೆಳಗಿಟ್ಟು ಕಿರುಚಿದಳು.

ಅವಳ ಬಾಯಿ ಮುಚ್ಚುವ ಮೊದಲೇ ಮೇಡಂ, "ದೊಡ್ಡಮ್ಮ ಹದಿಮೂರು. ಮುಗೀತು!" ಅಂದರು.

ದೊಡ್ಡಮ್ಮ ಮಡಿಲು ನೋಡಿಕೊಂಡಳು. ಹದಿಮೂರು ಕೊಟ್ಟ ಮೇಲೂ ಏಳು ಕ್ಲಿಪ್ಪು ಉಳಿದಿದ್ದವು. "ಅರೆ! ಹದಿನೈದು ಹೇಳಿದ್ರೂ ಹದಿನೈದು ಕಿತ್ಕೊಳ್ಳಲಿಲ್ಲ."

"ಎದುರಿನವರಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಕೊನೇ ಸೆಕೆಂಡಲ್ಲಿ ಕೂಗಿದ್ರೂ ನಿಮ್ಮ ಪರವಾಗಿ ಕಂಪ್ಯೂಟರೇ ಉತ್ತರ ಕೊಡುತ್ತೆ."

"ಸರಿ. ಇವಳು ಹದಿನಾರು ಅಂದಿದ್ರೆ?"

"ಆಗ ಸೋಪು ಅವಳದು. ನಿಮ್ಮ ಕ್ಲಿಪ್ಪು ನಿಮ್ಮ ಹತ್ರ."

"ನಾನು ಹದಿನೇಳು ಕೊಡ್ತಿದ್ದೆನಲ್ಲ!"

"ಮತ್ತೆ ಹದಿನೈದು ಕೊನೆ ಅಂತ ಯಾಕಂದ್ರಿ?"

ದೊಡ್ಡಮ್ಮ ಸುಮ್ಮನಾಗುವ ಪೈಕಿ ಅಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೋಡಿ ಮೇಡಂ, ನಾನು ಓದಿದವಳಲ್ಲ. ಆದ್ರೆ ಬಾಯಿ ಹರಾಜು ನೂರು ನೋಡಿದ್ದೀನಿ. ಕೂಗೋನು ಗಡಿಯಾರ ನೋಡ್ತಿರಲಿಲ್ಲ, ನಮ್ಮ ಮುಖ ನೋಡ್ತಿದ್ದ. ಒಂದು ಸಲ, ಎರಡು ಸಲ, ಮೂರು ಸಲ ಅಂತ ಕೇಳಿದ ಮೇಲೇ ಬಡಿಯೋದು. ಯಾಕೆ? ಎದುರಿನವನು ಬೆಲೆ ಏರಿಸಿದ ಮೇಲೇ ನಮಗೂ ಗೊತ್ತಾಗೋದು, ಇದು ನನಗೆ ಎಷ್ಟು ಬೇಕು ಅಂತ. ಯೋಚನೆ ಮಾಡೋಕೆ ಒಂದು ಉಸಿರು ಬೇಡವಾ? ಈ ಆನ್‌ಲೈನಲ್ಲಿ ಮೂರು ಸಲ ಕೇಳೋನು ಎಲ್ಲಿ ಸತ್ತ?"

ಮೇಡಂ ತಲೆದೂಗಿದರು. "ನಿಮ್ಮ ಮಾತು ನಿಜ ದೊಡ್ಡಮ್ಮ. ಕೆಲವು ಹರಾಜುಗಳಲ್ಲಿ ಅದೂ ಇರುತ್ತೆ. ಕೊನೇ ಐದು ನಿಮಿಷದಲ್ಲಿ ಯಾರಾದ್ರೂ ಬೆಲೆ ಏರಿಸಿದ್ರೆ ಇನ್ನೈದು ನಿಮಿಷ ತಾನಾಗೇ ಸೇರುತ್ತೆ. ಯಾರೂ ಏರಿಸದೆ ಐದು ನಿಮಿಷ ಕಳೆದಾಗಲೇ ಮುಗಿಯೋದು. ಆಸ್ಪತ್ರೆಯವರು ಆ ನಿಯಮ ಹಾಕಿಲ್ಲ."

"ಹಾಕಿಲ್ಲ ಅಂದ್ರೆ ಹಾಕಿಸೋಣ. ನಡೀರಿ!"

ಮರುದಿನ ಬೆಳಿಗ್ಗೆ ನಾಲ್ವರೂ ಆಸ್ಪತ್ರೆಯ ಸ್ಟೋರ್ ಆಫೀಸರ ಮೇಜಿನ ಮುಂದೆ ನಿಂತಿದ್ದರು. ಆಫೀಸರು ಫೈಲಿನಿಂದ ತಲೆ ಎತ್ತಲಿಲ್ಲ. "ಕೊನೇ ಕ್ಷಣದಲ್ಲಿ ಒತ್ತೋದು ತಪ್ಪೇನಲ್ಲಮ್ಮ. ಹನ್ನೊಂದು ಅಂದ್ರೆ ಹನ್ನೊಂದು. ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ."

"ಅವನು ತಪ್ಪು ಮಾಡಿದ ಅಂತ ನಾನು ಹೇಳಲೇ ಇಲ್ಲ ಸಾರ್. ತಪ್ಪು ನಿಮ್ಮ ಗಡಿಯಾರದ್ದು. ಅವನು ಮೂವತ್ತೆಂಟೂವರೆ ಸಾವಿರಕ್ಕೆ ಹೊಡ್ಕೊಂಡು ಹೋದ. ನನ್ನ ಡಬ್ಬಿಯಲ್ಲಿ ಐವತ್ತು ಸಾವಿರದ ಮೇಲಿತ್ತು. ಇನ್ನೈದು ನಿಮಿಷ ಬಿಟ್ಟಿದ್ರೆ ನಾವಿಬ್ರೂ ಜಗ್ಗಾಡಿ ಏರಿಸ್ತಿದ್ವಿ. ಆ ಹಣ ಯಾರದು? ನನ್ನದಲ್ಲ, ಅವನದಲ್ಲ. ಆಸ್ಪತ್ರೆದು. ಎರಡು ಸೆಕೆಂಡಿಗೆ ಅಷ್ಟನ್ನ ಚರಂಡಿಗೆ ಚೆಲ್ಲಿದ್ರಲ್ಲ, ನಿಮಗೆ ಕೇಳೋರಿಲ್ವಾ?"

ಆಫೀಸರು ಈಗ ತಲೆ ಎತ್ತಿದರು. "ಬರೆದು ಕೊಡಿ" ಅಂದರು, ಹಾಗಾದರೂ ಇವರು ಹೋಗಲಿ ಎಂಬ ಆಸೆಯಿಂದ.

ದೊಡ್ಡಮ್ಮ ಹೋದಳು, ಆದರೆ ಮನೆಗಲ್ಲ. ಆಸ್ಪತ್ರೆಯ ಹಳೆ ಮಂಚಕ್ಕೆ ಕೂಗಿ ಸೋತ ಬಡಗಿ, ಕುರ್ಚಿಗೆ ಕೂಗಿ ಸೋತ ಟೀ ಅಂಗಡಿಯವಳು, ಹೀಗೆ ಹುಡುಕಿ ಹುಡುಕಿ ಇಪ್ಪತ್ತಮೂರು ಸಹಿ ಹಾಕಿಸಿದಳು. ಅರ್ಜಿ ಮೇಡಂ ಬರೆದರು. ಆಫೀಸರು ಊಟಕ್ಕೆ ಹೋಗಿದ್ದಾರೆ ಅಂದರೆ ಬೆಂಚಿನ ಮೇಲೆ ಕೂತಳು. ಮೀಟಿಂಗಿನಲ್ಲಿದ್ದಾರೆ ಅಂದರೆ ಬಾಗಿಲಲ್ಲೇ ಕೂತಳು. ನಾಲ್ಕನೇ ದಿನ ಆಫೀಸರೇ ಹೊರಗೆ ಬಂದು, "ತಾಯಿ, ನಿಮ್ಮ ಕಾಟ ತಡೆಯೋಕಾಗಲ್ಲ. ಮೇಲಿನವರು ಒಪ್ಪಿದ್ದಾರೆ" ಅಂದರು. ಎರಡನೇ ಮಷೀನಿನ ಪ್ರಕಟಣೆಯಲ್ಲಿ ಹೊಸ ಸಾಲು ಇತ್ತು: ಕೊನೆಯ ಐದು ನಿಮಿಷದಲ್ಲಿ ಬೆಲೆ ಏರಿದರೆ ಐದು ನಿಮಿಷ ಹೆಚ್ಚುವರಿ.

ಹರಾಜಿನ ಹಿಂದಿನ ದಿನ ಮೂವರೂ ಕೂತು ಗರಿಷ್ಠ ಬೆಲೆ ಗಟ್ಟಿ ಮಾಡಿದರು. ಬಾಡಿಗೆ ಹಣ ಮುಟ್ಟಬಾರದು, ಸಾಲ ಮಾಡಬಾರದು. ಐವತ್ತು ಸಾವಿರ ಅಂತಾಯಿತು. "ದುಂಡನೆ ಅಂಕಿಯಲ್ಲಿ ಎಲ್ಲರೂ ನಿಲ್ತಾರೆ. ಶಕ್ತಿ ಇದ್ರೆ ಒಂದು ಮೆಟ್ಟಿಲು ಜಾಸ್ತಿ ಇಡಿ" ಅಂದರು ಮೇಡಂ. ಡಬ್ಬಿ ಬೋರಲು ಹಾಕಿ ಇನ್ನೈನೂರು ಸೇರಿಸಿ, ಗರಿಷ್ಠ ಬೆಲೆಯ ಜಾಗದಲ್ಲಿ ಬರೆದರು.

ಹನ್ನೊಂದಕ್ಕೆ ಎರಡೇ ಸೆಕೆಂಡ್ ಇದ್ದಾಗ ಗುಜರಿ ಸಾಹುಕಾರ ಮತ್ತೆ ಒತ್ತಿದ. ಕಂಪ್ಯೂಟರು ದೊಡ್ಡಮ್ಮನ ಪರವಾಗಿ ಅವನ ಮೇಲೆ ಒಂದು ಮೆಟ್ಟಿಲು ಹತ್ತಿತು. ಗಡಿಯಾರ ಹಿಂದಕ್ಕೆ ಸರಿದು ಮತ್ತೆ ಐದು ನಿಮಿಷ ತೋರಿಸಿತು.

"ಅಡಗಿ ಕೂತಿದ್ಯಲ್ಲಪ್ಪ, ಈಗ ಬಯಲಿಗೆ ಬಾ!" ದೊಡ್ಡಮ್ಮ ಫೋನಿಗೇ ಸವಾಲು ಹಾಕಿದಳು.

ಬಂದ. ನಲವತ್ತೆರಡು, ನಲವತ್ತಾರು, ನಲವತ್ತೊಂಬತ್ತು. ಕೊನೆಗೆ ದುಂಡನೆಯ ಐವತ್ತು. ಪರದೆಯ ಮೇಲೆ ದೊಡ್ಡಮ್ಮನ ಐವತ್ತು ಸಾವಿರದ ಐನೂರು ಬಂತು. ಅಲ್ಲಿಗೆ ಡಬ್ಬಿ ಖಾಲಿ. ಅವನು ಇನ್ನೊಂದು ಸಲ ಒತ್ತಿದರೆ ಮುಗಿಯಿತು.

ಗಡಿಯಾರ ಮತ್ತೆ ಐದು ನಿಮಿಷದಿಂದ ಇಳಿಯತೊಡಗಿತು. ಸೊಸೆ ಬಟ್ಟೆ ಸುತ್ತಿದ ಕೈಯಲ್ಲಿ ಫೋನು ಹಿಡಿದು, "ಅತ್ತೆ, ಬಾಡಿಗೆ ಹಣ ಇದೆಯಲ್ಲ... ಇನ್ನೊಂದು ಮೆಟ್ಟಿಲು ಏರಿಸಿ ಇಡೋಣವಾ?" ಅಂದಳು. ಆ ಬಟ್ಟೆಯ ಮೇಲಿನ ಕೆಂಪು ಕಲೆ ನೋಡಿ ದೊಡ್ಡಮ್ಮ ಹೂಂ ಅನ್ನೋಣ ಅಂತ ಬಾಯಿ ತೆರೆದಳು. ಆದರೆ ತಲೆ ಅಲ್ಲಾಡಿಸಿದಳು.

"ಬೇಡ ಮಗಳೇ. ನಿನ್ನೆ ತಣ್ಣಗೆ ಕೂತು ಯೋಚನೆ ಮಾಡಿದ್ದೀವಿ, ಈಗ ಬಿಸಿಯಲ್ಲಿ ಕೆಡಿಸೋದು ಬೇಡ. ಅವನು ಹೆಚ್ಚು ಕೊಟ್ಟು ಗೆದ್ರೆ ಗೆಲ್ಲಲಿ. ಕದ್ದು ಮಾತ್ರ ಗೆಲ್ಲೋಕೆ ಬಿಟ್ಟಿಲ್ಲ ನಾವು."

ಮೂರು ಸೆಕೆಂಡ್ ಉಳಿಯಿತು. ದೊಡ್ಡಮ್ಮ ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಒಂದು ಸಲ! ಎರಡು ಸಲ! ಮೂರು ಸಲ!"

ಅವನು ಒತ್ತಲಿಲ್ಲ.

ಈಗ ಆ ಮೂಲೆಯಲ್ಲಿ ಮಷೀನು ಗುಡುಗುಡು ಅನ್ನುತ್ತಿದೆ. ಅದರ ಗುಂಡಿ ಒತ್ತುವವಳು ಸೊಸೆ, ಗಾಯ ಒಣಗಿದ ಕೈಯಲ್ಲಿ. ಯಾರಾದರೂ ಹರಾಜಿನ ಮಾತು ಎತ್ತಿದರೆ ಸಾಕು, ದೊಡ್ಡಮ್ಮ ಕ್ಲಿಪ್ಪು ಹಂಚಿ ಪಾಠ ಶುರು ಮಾಡುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಆನ್‌ಲೈನ್ ಹರಾಜಿಗೆ ಇಳಿಯುವವರಾದರೆ ಮೊದಲು ಅದು ಹೇಗೆ ಮುಗಿಯುತ್ತದೆ ಅಂತ ಓದಿಕೊಳ್ಳಿ. ನಿಮ್ಮ ಕೊನೆಯ ಬೆಲೆಯನ್ನು ಮನೆಯವರೊಡನೆ ಕೂತು ಹಿಂದಿನ ದಿನವೇ ನಿರ್ಧರಿಸಿ, ಗರಿಷ್ಠ ಬೆಲೆಯ ಜಾಗ ಇದ್ದರೆ ಅಲ್ಲಿ ಬರೆಯಿರಿ, ಅದನ್ನು ದಾಟಬೇಡಿ. ಮಾರುವವರು ನೀವಾದರೆ ಕೊನೆಯಲ್ಲಿ ಬೆಲೆ ಏರಿದಾಗ ಸಮಯ ಕೊಡಿ, ಲಾಭ ನಿಮ್ಮದೇ. ನಿಯಮ ಇಲ್ಲ ಅಂದರೆ ಕೈಕಟ್ಟಿ ವಾಪಸ್ ಬರಬೇಡಿ. ಬರೆದು ಕೊಡಿ, ಸಹಿ ಹಾಕಿಸಿ, ಬಾಗಿಲಲ್ಲೇ ಕೂತುಕೊಳ್ಳಿ. ನಮ್ಮ ದೊಡ್ಡಮ್ಮ ಕೂತಿದ್ದು ನಾಲ್ಕೇ ದಿನ.