ಅಕ್ಕ ಆರಿಸಿಕೊಟ್ಟ ಹಲಗೆ

ತಂಗಿಗೆ ಸೈಕಲ್ ಕಲಿಸಿದವಳು ಅಕ್ಕ. ಈಜು ಕಲಿಸಿದವಳೂ ಅಕ್ಕನೇ. ಹೆರಿಗೆಯಾದ ಮೇಲೆ ಹಿಡಿದುಕೊಂಡಿದ್ದ ಸೊಂಟವನ್ನು ತಿಂಗಳುಗಟ್ಟಲೆ ತಿಕ್ಕಿ, ಬಗ್ಗಿಸಿ ನೆಟ್ಟಗೆ ಮಾಡಿಕೊಟ್ಟವಳೂ ಅವಳೇ. ಅಕ್ಕನ ಕಸುಬೇ ಫಿಸಿಯೋಥೆರಪಿ. ಹಾಗಾಗಿ, ನಲವತ್ತು ದಾಟಿದ ತಂಗಿ ಒಂದು ಬೇಸಿಗೆಯಲ್ಲಿ "ಅಕ್ಕ, ನಂಗೂ ನಿನ್ನ ಹಾಗೆ ನೀರಿನ ಮೇಲೆ ಹಾರೋಕೆ ಕಲಿಸೇ" ಅಂತ ಕೇಳಿ, ಕಣ್ಣು ಮುಚ್ಚಿ ಅವಳ ಹಿಂದೆ ಹೋದಳು.

ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬೆಳಗಿನಿಂದ ಸಂಜೆವರೆಗೂ ಕತ್ತಲ ಕೋಣೆಯಲ್ಲಿ ನಿಂತು "ಇದು ಸ್ಪಷ್ಟವಾಗಿದೆಯಾ, ಅದು ಸ್ಪಷ್ಟವಾಗಿದೆಯಾ" ಅಂತ ಕೇಳುವವಳಿಗೆ ಊರಾಚೆಯ ದೊಡ್ಡ ಕೆರೆ ಅಂದರೆ ಪ್ರಾಣ. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಗೆ ಸಾಗುವ ಆಟವನ್ನು ಎರಡು ಬೇಸಿಗೆ ಕಲಿತಿದ್ದಳು. ಅಷ್ಟರಲ್ಲಿ ಅಕ್ಕ ಇನ್ನೊಂದು ಮೆಟ್ಟಿಲು ಮೇಲೆ ಹೋಗಿದ್ದಳು. ಅವಳ ಹಲಗೆಯ ಹೊಟ್ಟೆಗೆ ಒಂದು ಉದ್ದನೆಯ ಕಾಲು, ಆ ಕಾಲಿನ ತುದಿಗೆ ಸಣ್ಣ ವಿಮಾನದಂಥ ರೆಕ್ಕೆ. ಅದಕ್ಕೆ ಫಾಯಿಲ್ ಅನ್ನುತ್ತಾರೆ. ವೇಗ ಬಂದಂತೆ ನೀರೊಳಗಿನ ರೆಕ್ಕೆ ಹಲಗೆಯನ್ನೇ ಎತ್ತಿಬಿಡುತ್ತದೆ. ಆಗ ಸದ್ದೇ ಇಲ್ಲ. ಮೊಣಕಾಲೆತ್ತರದ ಗಾಳಿಯಲ್ಲಿ ಅಕ್ಕ ಜಾರಿಹೋಗುವುದನ್ನು ದಡದಿಂದ ನೋಡಿದ ದಿನ ತಂಗಿಗೆ ಊಟ ಸೇರಲಿಲ್ಲ.

ಕೆರೆ ದಡದ ಶೆಡ್ಡಿನಲ್ಲಿ ಹಲಗೆಗಳನ್ನು ಬಾಡಿಗೆಗೆ ಕೊಡುವವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಆಯುಷ್ಯದಲ್ಲಿ ಒಂದು ಹಡಗನ್ನೂ ಹತ್ತಿದವನಲ್ಲ. ಟೋಪಿಯೊಂದೇ ಅವನ ನೌಕಾದಳ. ಅವನ ಶೆಡ್ಡಿನ ಮೂಲೆಯಲ್ಲಿ ಬಾಗಿಲಷ್ಟು ಅಗಲದ, ದಪ್ಪ ಹೊಟ್ಟೆಯ, ಬಣ್ಣ ಮಾಸಿದ ಹಲಗೆಯೊಂದು ಮಲಗಿತ್ತು. ಅದರ ಹೆಸರು ಎಮ್ಮೆ.

"ನಂಗೆ ಅದೇನಾ?" ಅಂತ ತಂಗಿ ಮೊದಲ ದಿನ ಕೇಳಿದಳು.

"ಎಮ್ಮೆ ಮೇಲೆ ಕಲಿತೋರಿಗೆ ಎಮ್ಮೆ ಸವಾರಿನೇ ಬರೋದು" ಅಂದಳು ಅಕ್ಕ. "ಬಾ, ನನ್ನ ಹಳೇದು ಇದೆ."

ಅಕ್ಕನ ಹಳೆಯ ಹಲಗೆ ಕೆಂಪಗೆ, ಕಿರಿದಾಗಿ, ಚೆಂದವಾಗಿತ್ತು. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಲೀಟರು ಹೆಚ್ಚಿದ್ದಷ್ಟೂ ಹೆಚ್ಚು ಭಾರ ಹೊತ್ತು ತೇಲುತ್ತದೆ. ಇದರ ಬೆನ್ನ ಮೇಲೆ ಎಂಬತ್ತೈದು ಅಂತ ಬರೆದಿತ್ತು. ತಂಗಿಯ ತೂಕವೇ ಎಪ್ಪತ್ತೆಂಟು ಕಿಲೋ, ಅಕ್ಕನಾದರೆ ಕಡ್ಡಿ.

"ಇದು ಸಣ್ಣದಾಗಲ್ವಾ ಅಕ್ಕ?"

"ಹಾರೋಳಿಗೆ ತೇಲೋ ಚಿಂತೆ ಯಾಕೆ ಪುಟ್ಟಿ? ದೊಡ್ಡದರ ಮೇಲೆ ಕಲಿತರೆ ಮೈ ಸೋಮಾರಿ ಆಗುತ್ತೆ. ಇದರ ಮೇಲೆ ಬಿದ್ದು ಬಿದ್ದು ಕಲಿ, ಬೇಗ ಬರುತ್ತೆ."

ಮಾತು ನ್ಯಾಯವಾಗಿಯೇ ಕೇಳಿಸಿತು. ಅಕ್ಕನ ಬಾಯಿಂದ ಬಂದದ್ದು ಯಾವತ್ತು ನ್ಯಾಯವಾಗಿ ಕೇಳಿಸಿರಲಿಲ್ಲ? ಕ್ಯಾಪ್ಟನ್ ಆ ಕಡೆಯಿಂದ ಬಾಯಿ ತೆರೆದ. ಅಕ್ಕ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ಟೋಪಿ ಸರಿಮಾಡಿಕೊಂಡು ಸುಮ್ಮನಾದ.

ಆ ಬೇಸಿಗೆ ಹೇಗೆ ಕಳೆಯಿತು ಅಂತ ತಂಗಿಯ ಮೊಣಕಾಲನ್ನು ಕೇಳಬೇಕು. ಹಲಗೆಯ ಮೇಲೆ ಎದ್ದು ನಿಂತರೆ ಸಾಕು, ನೀರು ಪಾದ ಮುಚ್ಚಿ ಕಣಕಾಲಿಗೆ ಬರುತ್ತಿತ್ತು. ನೀರಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎತ್ತುವುದರೊಳಗೆ ಹಲಗೆ ಒಂದು ಕಡೆ ವಾಲಿ ಅವಳನ್ನು ಸುರಿದುಬಿಡುತ್ತಿತ್ತು. ಅಪರೂಪಕ್ಕೆ ಗಾಳಿ ಸಿಕ್ಕಿ ಸಾಗಿತೋ, ಮೂಗೆತ್ತಿದ ಹಲಗೆ ಬೆದರಿದ ಕುದುರೆಯಂತೆ ಮಗುಚಿಕೊಳ್ಳುತ್ತಿತ್ತು. ಇವಳು ಒಂದು ಕಡೆ, ಹಾಯಿ ಒಂದು ಕಡೆ. ಅಷ್ಟು ದೂರದಲ್ಲಿ ಅಕ್ಕ ಬಾನಿಗೂ ನೀರಿಗೂ ನಡುವೆ ತೇಲಿಕೊಂಡು ಹೋಗುತ್ತಿರುತ್ತಿದ್ದಳು.

ಅಂಗಡಿಗೆ ಬರುವವರು ಮೊಣಕೈಯ ಕಪ್ಪು ಕಲೆ ನೋಡಿ ಕಣ್ಣು ತಗ್ಗಿಸುತ್ತಿದ್ದರು. ಮುದ್ರಣಾಲಯದಲ್ಲಿ ಕೆಲಸ ಮಾಡುವ ಗಂಡ, "ನೋಡಮ್ಮ, ಜನ ನನ್ನನ್ನ ಒಂಥರಾ ನೋಡ್ತಿದಾರೆ. ನಿನ್ನ ಹಣೆ ಮೇಲೆ 'ಕೆರೆಯಲ್ಲಿ ಬಿದ್ದದ್ದು' ಅಂತ ಅಚ್ಚು ಹಾಕಿಕೊಡ್ಲಾ?" ಅಂತ ತಮಾಷೆ ಮಾಡುತ್ತಿದ್ದ.

ಒಂದು ದಿನ ಸೋತು ಸುಣ್ಣವಾಗಿ ದಡಕ್ಕೆ ಬಂದವಳು ಹೇಳಿದಳು: "ಅಕ್ಕ, ಹಲಗೇನೇ ಸರಿಯಿಲ್ಲ ಅನ್ಸುತ್ತೆ ಕಣೇ."

ಅಕ್ಕ ನಕ್ಕಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತಂಗಿಯೂ ನಕ್ಕಳು. ನಾಚಿಕೆಯೂ ಆಯಿತು.

ಆಮೇಲೊಂದು ಭಾನುವಾರ ಗಾಳಿ ಜೋರಾಗಿತ್ತು. ಹಲಗೆ ಏಕಾಏಕಿ ಮೇಲೆದ್ದು, ಅಷ್ಟೇ ಬೇಗ ಕೆಳಗೆ ಕುಸಿದು, ತಂಗಿ ಹಾಯಿಯ ಅಡ್ಡಗೋಲಿಗೆ ಎದೆ ಬಡಿದುಕೊಂಡಳು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅಕ್ಕನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು, ಅಕ್ಕನೇ ಮನೆಗೆ ತಂದು ಮಲಗಿಸಿದಳು. ಸ್ವಲ್ಪ ಚೇತರಿಸಿಕೊಂಡ ಮೇಲೆ ಕಣ್ಣು ಮುಚ್ಚಿಸಿ ಒಂಟಿ ಕಾಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದಳು. ನೋವಿಗೆ ತಂಗಿ ತಡಬಡಾಯಿಸಿದಳು.

"ಬೇಜಾರು ಮಾಡ್ಕೋಬೇಡ ಪುಟ್ಟಿ. ನಿನ್ನ ಮೈಯಲ್ಲಿ ಸಮತೋಲನ ಕಡಿಮೆ. ಕಿವಿಯೊಳಗಿನ ವಿಷಯ ಅದು, ಯಾರ ತಪ್ಪೂ ಅಲ್ಲ. ಕೆಲವು ಮೈಗೆ ಕೆಲವು ಆಟ ಒಗ್ಗಲ್ಲ. ನೀನು ಕೆರೆಯ ಆಚೆ ಮೂಲೆಯಲ್ಲಿ ಹಳೇ ಥರಾನೇ ಆರಾಮಾಗಿ ಆಡ್ಕೋ."

ತಂಗಿ ಅದನ್ನು ನಂಬಿದಳು. ನಂಬಿದ್ದಷ್ಟೇ ಅಲ್ಲ, ಮೈಗೆ ಹಚ್ಚಿಕೊಂಡಳು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯತೊಡಗಿದಳು. ಕುರ್ಚಿ ಹತ್ತಿ ಬಲ್ಬು ಹಾಕುವುದನ್ನು ಗಂಡನಿಗೆ ಬಿಟ್ಟಳು. ಗಿರಾಕಿಗಳಿಲ್ಲದಾಗ ಅಂಗಡಿಯ ಕೌಂಟರಿನ ಹಿಂದೆ ಮಡಿಸಿದ ಟವೆಲಿನ ಮೇಲೆ ಒಂಟಿ ಕಾಲಲ್ಲಿ ಕೊಕ್ಕರೆಯಂತೆ ನಿಂತು ಅಭ್ಯಾಸ ಮಾಡಿದಳು. ಅದೂ ಅಕ್ಕ ಹೇಳಿಕೊಟ್ಟ ಅಭ್ಯಾಸವೇ. ಕೆರೆಯ ಕಡೆ ಹೋಗುವುದನ್ನೇ ಬಿಟ್ಟಳು.

ಚಳಿ ಕಾಲಿಟ್ಟ ಹೊತ್ತಿಗೆ ಕ್ಯಾಪ್ಟನ್ ಕನ್ನಡಕ ಬದಲಿಸಲು ಅಂಗಡಿಗೆ ಬಂದ. ಟೋಪಿ ಕಳಚಿ, ಗದ್ದವನ್ನು ಯಂತ್ರಕ್ಕೆ ಆನಿಸಿ ಕೂತು, ಎದುರಿನ ಅಕ್ಷರ ಓದುವುದು ಬಿಟ್ಟು ಮಾತಿಗಿಳಿದ.

"ಆಟ ಬಿಟ್ಟೇಬಿಟ್ರಂತೆ ಮೇಡಂ. ನೀವು ಇಷ್ಟು ಹಟಮಾರಿ ಅಂತ ಗೊತ್ತಿರ್ಲಿಲ್ಲ."

"ನಾನೇನು ಹಟ ಮಾಡಿದೆ ಕ್ಯಾಪ್ಟನ್ರೇ?"

"ಮತ್ತೆ? ಎಮ್ಮೇನ ನಿಮಗೇ ಅಂತ ತೊಳೆದಿಟ್ಟಿದ್ದೆ. ನಿಮ್ಮಕ್ಕ ಬಂದು, 'ಅವಳಿಗೆ ಅದರ ಮೇಲೆ ನಿಲ್ಲೋಕೆ ನಾಚಿಕೆಯಂತೆ, ಒತ್ತಾಯ ಮಾಡ್ಬೇಡಿ, ಅದರ ಸುದ್ದಿ ತೆಗೆದ್ರೆ ಅಳ್ತಾಳೆ' ಅಂದ್ರು. ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಾದೆ."

ತಂಗಿಯ ಕೈಯಲ್ಲಿದ್ದ ಮಸೂರ ಕೈಯಲ್ಲೇ ಉಳಿಯಿತು.

"ನನ್ನ ತೂಕದೋರು ಕಲಿಯೋಕೆ ಎಷ್ಟು ಲೀಟರ್ ಬೇಕು?"

"ತೂಕದಷ್ಟೇ ಲೀಟರ್ ಇದ್ರೆ ಹಾಯಿ ಭಾರನೂ ಸೇರಿ ಮುಳುಗುತ್ತೆ. ಕಲಿಯೋರಿಗೆ ಅದರ ಮೇಲೆ ಇನ್ನೂ ಐವತ್ತು, ಅರವತ್ತು ಸೇರಿಸ್ಬೇಕು. ಅಗಲಾನೂ ಬೇಕು, ಇಲ್ದಿದ್ರೆ ಒಂಟಿ ಕಾಲಿನ ಮೇಜಿನ ಹಾಗೆ ಅತ್ಲಾಗೆ ಇತ್ಲಾಗೆ ವಾಲುತ್ತೆ. ನೀವು ಹತ್ತಿದ್ರಲ್ಲ ಆ ಕೆಂಪುದು, ಅದು ಕಲಿತೋರದ್ದು."

"ಅಕ್ಕ ಅದರ ಮೇಲೇ ಕಲಿತಳಲ್ವಾ?"

ಕ್ಯಾಪ್ಟನ್ ಯಂತ್ರದಿಂದ ಗದ್ದ ತೆಗೆದು ನಕ್ಕ. "ಯಾರು ಹೇಳಿದ್ದು? ನೀವು ಆಚೆ ಮೂಲೆಯಲ್ಲಿ ಆಡ್ಕೊಂಡಿದ್ದಾಗ, ಒಂದು ಬೇಸಿಗೆ ಪೂರ್ತಿ ಎಮ್ಮೆ ಮೇಲಿಂದ ಇಳೀಲೇ ಇಲ್ಲ ಅವರು. ಬೇರೆ ಯಾರಿಗೂ ಕೊಡೋಕೂ ಬಿಡ್ತಿರ್ಲಿಲ್ಲ."

ಅವನ ಕಣ್ಣಿನ ಪರೀಕ್ಷೆಯನ್ನು ತಂಗಿ ಹೇಗೋ ಮುಗಿಸಿದಳು. ತಲೆ ಮಾತ್ರ ಅಲ್ಲಿರಲಿಲ್ಲ. ಅಕ್ಕ ತಪ್ಪು ಮಾಡಿರಬಹುದು, ಮರೆತಿರಬಹುದು, ತನ್ನ ಒಳ್ಳೆಯದಕ್ಕೇ ಏನೋ ಹೇಳಿರಬಹುದು ಅಂತ ಒಂದೊಂದೇ ಮಸೂರ ಹಾಕಿ ನೋಡಿದಳು. ಯಾವುದರಲ್ಲೂ ಚಿತ್ರ ಬೇರೆಯಾಗಿ ಕಾಣಲಿಲ್ಲ. ನಾಚಿಕೆಯಂತೆ, ಅಳುತ್ತಾಳಂತೆ. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಮಾತು ಮರೆವಿನಿಂದ ಹುಟ್ಟುವುದಿಲ್ಲ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ನೇರ ಅಕ್ಕನ ಕ್ಲಿನಿಕ್ಕಿಗೆ ಹೋದಳು. ಬಣ್ಣಬಣ್ಣದ ರಬ್ಬರ್ ಪಟ್ಟಿಗಳು ಗೋಡೆಗೆ ನೇತಾಡುತ್ತಿದ್ದವು. ಮೂಲೆಯಲ್ಲಿ ಪ್ಲಾಸ್ಟಿಕ್ ಬೆನ್ನುಮೂಳೆ. ಅಕ್ಕ ರೋಗಿಗಳ ಮಂಚದ ತುದಿಯಲ್ಲಿ ಕೂತು ಸೇಬು ಹೆಚ್ಚಿಕೊಂಡು ತಿನ್ನುತ್ತಿದ್ದಳು. ತಂಗಿಯನ್ನು ಕಂಡು ಒಂದು ಹೋಳು ಮುಂದೆ ಚಾಚಿದಳು.

ತಂಗಿ ತೆಗೆದುಕೊಳ್ಳಲಿಲ್ಲ. "ನಂಗೆ ಎಮ್ಮೆ ಮೇಲೆ ನಿಲ್ಲೋಕೆ ನಾಚಿಕೆ ಅಂತ ಯಾವಾಗ ಹೇಳಿದ್ದೆ ಅಕ್ಕ?"

ಅಕ್ಕನ ಕೈ ಹಾಗೇ ನಿಂತಿತು. "ಕ್ಯಾಪ್ಟನ್ ಏನೋ ಬಡಬಡಿಸಿರಬೇಕು."

"ನೀನು ಕಲಿತದ್ದೂ ಅದರ ಮೇಲೇ ಅಂತೆ."

"ನಿನ್ನ ಒಳ್ಳೇದಕ್ಕೇ..."

"ಪಕ್ಕೆಲುಬು ಬಿರುಕು ಬಿಟ್ಟಿದ್ದು ಒಳ್ಳೇದಕ್ಕಾ?"

ಅಕ್ಕ ಸೇಬನ್ನೂ ಚಾಕುವನ್ನೂ ಕೆಳಗಿಟ್ಟಳು. ಆಮೇಲೆ ಅವಳ ಬಾಯಿಂದ ಬಂದ ದನಿ ತಂಗಿ ಯಾವತ್ತೂ ಕೇಳದ್ದು. ಹಿರಿಯಳದ್ದಲ್ಲ, ಯಾರೋ ಸಣ್ಣ ಹುಡುಗಿಯದ್ದು.

"ಅದೊಂದು ಜಾಗ ನಂದಾಗಿತ್ತು ಪುಟ್ಟಿ. ಆಟಕ್ಕೆ ಹೊರಟ್ರೆ 'ತಂಗೀನೂ ಕರ್ಕೊಂಡು ಹೋಗು.' ಗೆಳತಿ ಮನೆಗೆ ಹೊರಟ್ರೆ 'ತಂಗೀನೂ ಕರ್ಕೊಂಡು ಹೋಗು.' ಅಮ್ಮನಿಗೆ ಬೇರೆ ಮಾತೇ ಇರ್ಲಿಲ್ಲ. ನನ್ನ ಗೆಳತೀರೆಲ್ಲ ಕೊನೆಗೆ ನಿನ್ನ ಗೆಳತೀರಾದ್ರು. ಈ ವಯಸ್ಸಿನಲ್ಲಿ ನಂದು ಅಂತ ಒಂದು ಜಾಗ ಕಂಡ್ಕೊಂಡಿದ್ದೆ. ಅಲ್ಲಿ ಯಾರ ಬೆನ್ನೂ ನೋಯಲ್ಲ, ಯಾರೂ ನನ್ನ ಕರೆಯಲ್ಲ. ನೀನು ಅಲ್ಲಿಗೂ ಬಂದೆ."

"ಬರ್ಬೇಡ ಅನ್ಬೇಕಿತ್ತು."

"ಹೇಗೆ ಅನ್ಲಿ? ನಿನ್ನ ಮುಖ ನೋಡ್ಕೊಂಡು ಹೇಗೆ ಅನ್ಲಿ? ನೀನಾಗಿ ಬೇಸತ್ತು ಬಿಡ್ತೀಯ ಅಂದ್ಕೊಂಡೆ. ಎರಡು ಸಲ ಬಿದ್ರೆ ಬಿಡ್ತೀಯ ಅಂತ. ನೀನು ಬಿಡ್ಲೇ ಇಲ್ಲ."

ತಂಗಿಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಬರ್ಬೇಡ ಅಂದಿದ್ರೆ ನಾಲ್ಕು ದಿನ ಅಳ್ತಿದ್ದೆ, ಅಷ್ಟೇ. ಸಣ್ಣ ಹಲಗೆ ಕೊಟ್ಟೆ, ಅದನ್ನೂ ಹೋಗ್ಲಿ ಅನ್ಬಹುದು. ಆದ್ರೆ ನೀನು ನನ್ನ ಮೈನೇ ಸರಿಯಿಲ್ಲ ಅಂದೆ. ನಾನು ನಾಲ್ಕು ತಿಂಗಳಿಂದ ಕಂಬಿ ಹಿಡ್ಕೊಂಡು ಮೆಟ್ಲು ಇಳೀತಿದೀನಿ, ಗೊತ್ತಾ ನಿಂಗೆ? ಆ ಅಭ್ಯಾಸ ಮಾಡು, ಈ ಅಭ್ಯಾಸ ಮಾಡು ಅಂತ ಹೇಳ್ಕೊಡೋವಾಗ ನಿನ್ನ ನಾಲಿಗೆ ಹೇಗೆ ಹೊರಳ್ತು?"

"ಪುಟ್ಟಿ" ಅಂದಳು ಅಕ್ಕ.

"ನನ್ನನ್ನ ಹಾಗೆ ಕರೀಬೇಡ" ಅಂತ ಹೇಳಿ ತಂಗಿ ಹೊರಬಂದಳು. ಬಾಗಿಲಾಚೆ ಮುಂದಿನ ರೋಗಿ ಊರುಗೋಲು ಹಿಡಿದು ಕಾಯುತ್ತಿದ್ದ. ಮೂರು ಅಂತಸ್ತಿನ ಮೆಟ್ಟಿಲನ್ನು ಅವಳು ಕಂಬಿ ಮುಟ್ಟದೆ ಇಳಿದಳು.

ಗಂಡನಿಗೆ ಹೇಳಿದಾಗ ಅವನು ತಮಾಷೆ ಮಾಡಲಿಲ್ಲ. "ಅಕ್ಕನಾ?" ಅಂತ ಎರಡು ಸಲ ಕೇಳಿದ. ತಾಯಿಗೆ ಹೇಳಬೇಡವೆಂದು ತಂಗಿಯೇ ಅಂದಳು. ಹೇಳಿದರೆ ಅಮ್ಮ ಅಕ್ಕನಿಗೆ ಫೋನ್ ಮಾಡಿ, "ಹೋಗಲಿ, ಕರ್ಕೊಂಡು ಹೋಗೇ ಅವಳನ್ನ" ಅನ್ನುತ್ತಾಳೆ. ಆ ಮಾತು ಇನ್ನೊಮ್ಮೆ ಯಾರ ಕಿವಿಗೂ ಬೀಳುವುದು ಅವಳಿಗೆ ಬೇಕಿರಲಿಲ್ಲ. ಅಕ್ಕನ ಫೋನುಗಳನ್ನು ಎತ್ತಲಿಲ್ಲ. ಅಕ್ಕ ಹೇಳಿದ ಬಾಲ್ಯ ಸುಳ್ಳೇನೂ ಅಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯೊಳಗಿನದು ಕರಗಲಿಲ್ಲ. ನ್ಯಾಯ ಅಕ್ಕನ ಕಡೆ ಒಂದು ಹಿಡಿ ಇದ್ದರೆ ಇರಲಿ, ಪೆಟ್ಟು ತನ್ನ ಪಕ್ಕೆಯಲ್ಲೇ ಇತ್ತಲ್ಲ.

ಬಿಸಿಲು ಮರಳಿದ ಮೇಲೆ ಅವಳು ಕೆರೆಗೆ ಹೋದಳು. ಅಕ್ಕನಿಗೆ ಕೆಲಸವಿರುವ ವಾರದ ದಿನವನ್ನೇ ಆರಿಸಿಕೊಂಡಳು. ಕ್ಯಾಪ್ಟನ್ ಎಮ್ಮೆಯನ್ನು ನೀರಿಗಿಳಿಸಿ, ದೊಡ್ಡ ರೆಕ್ಕೆ ಜೋಡಿಸಿಕೊಟ್ಟು, ತಾನು ಮೋಟಾರ್ ದೋಣಿಯಲ್ಲಿ ಜೊತೆಗೆ ಬಂದ. ತಂಗಿ ಹತ್ತಿ ನಿಂತಳು. ಹಲಗೆ ಅಲುಗಲಿಲ್ಲ. ಪಾದ ಒಣಗಿಯೇ ಇತ್ತು. ಹಗ್ಗ ಹಿಡಿದು ಹಾಯಿ ಎತ್ತಿದಳು, ಬಂತು. ಇಷ್ಟೇ. ಇಷ್ಟೇನಾ ಇದ್ದದ್ದು? ಕೆರೆಯ ನಡುವೆ ನಿಂತವಳಿಗೆ ಅಷ್ಟು ದಿನ ಬಾರದ ಅಳುವೆಲ್ಲ ಆಗ ಬಂತು. ಕ್ಯಾಪ್ಟನ್ ದೋಣಿಯ ಮುಖ ಆ ಕಡೆ ತಿರುಗಿಸಿ ಮೋಟಾರಿನಲ್ಲಿ ಏನೋ ಹುಡುಕುವವನಂತೆ ಬಗ್ಗಿದ.

ಕೆಲವು ವಾರಗಳಲ್ಲಿ ಹಲಗೆ ಮೇಲೇಳತೊಡಗಿತು. ಮೊದಲ ಸಲ ಎದ್ದಾಗ ನೀರಿನ ಪಟಪಟ ಸದ್ದು ತಟ್ಟನೆ ನಿಂತು, ಕಿವಿಯಲ್ಲಿ ಗಾಳಿಯಷ್ಟೇ ಉಳಿಯಿತು. ಅವಳ ಕಣ್ಣು ತಾನಾಗಿ ದಡದಲ್ಲಿ ಅಕ್ಕನನ್ನು ಹುಡುಕಿತು, "ನೋಡೇ!" ಅನ್ನಲು. ಆಮೇಲೆ ನೆನಪಾಯಿತು. ನೆನಪಾದದ್ದೇ ನೀರಿಗೆ ಬಿದ್ದಳು.

ಅಕ್ಕ ಎದುರಾಗದೆ ಇರಲು ಕೆರೆ ಅಷ್ಟು ದೊಡ್ಡದಲ್ಲ. ಒಂದು ಸಂಜೆ ತಂಗಿ ಸಾಗುತ್ತಿದ್ದಾಗ ಹಿಂದಿನಿಂದ ಅಕ್ಕ ಸದ್ದಿಲ್ಲದೆ ಬಂದು, ಸ್ವಲ್ಪ ದೂರದಲ್ಲಿ ಜೊತೆಜೊತೆಗೆ ಸಾಗಿದಳು. ತಂಗಿಯ ಹಲಗೆ ಆಗಷ್ಟೇ ಮೇಲೆದ್ದು, ಮೂಗು ಏರುತ್ತ ಏರುತ್ತ ಹೋಗುತ್ತಿತ್ತು.

"ಮುಂದಿನ ಕಾಲಿಗೆ ಭಾರ ಹಾಕು!" ಅಕ್ಕ ಕೂಗಿದಳು. "ಮುಂದಿನ ಕಾಲು!"

ಸೈಕಲ್ಲಿನ ಹಿಂದೆ ಓಡಿ ಬರುತ್ತಿದ್ದ ಅದೇ ಕೂಗು. ತಂಗಿಯ ಮೈ ಮೊದಲಾದರೆ ಯೋಚಿಸದೆ ಪಾಲಿಸುತ್ತಿತ್ತು. ಈಗ ಆ ದನಿ ಕೇಳಿದ್ದೇ ಕಾಲು ಕಲ್ಲಾಯಿತು. ಭಾರ ಹಿಂದೆಯೇ ಉಳಿಯಿತು. ರೆಕ್ಕೆ ನೀರು ಬಿಟ್ಟು ಮೇಲೆ ಬಂತು, ಹಲಗೆ ಧೊಪ್ಪನೆ ಕುಸಿಯಿತು, ಅವಳು ಹಾಯಿಯ ಮೇಲೆ ಮಗುಚಿದಳು.

ಅಕ್ಕ ತಿರುಗಿಸಿಕೊಂಡು ಹತ್ತಿರ ಬಂದಳು. "ಪೆಟ್ಟಾಯ್ತಾ?"

ತಂಗಿ ಎಮ್ಮೆಯ ಅಂಚು ಹಿಡಿದು, ಮುಖದ ನೀರು ಒರೆಸಿಕೊಂಡು, ಎಂದಿನಂತೆ ಹಿಂದೆ ಬರುತ್ತಿದ್ದ ದೋಣಿಯ ಕಡೆ ತಿರುಗಿದಳು.

"ಕ್ಯಾಪ್ಟನ್ರೇ, ಅದು ಹಾಗೆ ಏರೋವಾಗ ಭಾರ ಯಾವ ಕಾಲಿಗೆ ಹಾಕ್ಬೇಕು?"

ಕ್ಯಾಪ್ಟನ್ ಅವಳನ್ನೂ ನೋಡಿದ, ಅವಳ ಅಕ್ಕನನ್ನೂ ನೋಡಿದ. "ಮುಂದಿನ ಕಾಲಿಗೇ ಮೇಡಂ" ಅಂದ ಮೆಲ್ಲಗೆ.

"ಸರಿ" ಅಂದು ತಂಗಿ ಹಲಗೆ ಹತ್ತಿದಳು. ಅಕ್ಕ ಹಾಯಿ ತಿರುಗಿಸಿ ಆಚೆ ದಡದ ಕಡೆ ಹೊರಟುಹೋದಳು. ತಂಗಿ ಹಗ್ಗ ಹಿಡಿದು ಹಾಯಿ ಎತ್ತಿದಳು.